ಹಾಳೂರು, ನಿಧಿ ಮತ್ತು ಲೋಹಶೋಧಕ: ರಾಮನಗರ ಪರಿಸರವನ್ನು ಕುರಿತ ಒಂದು ವಿವೇಚನೆ

ಕಂದಾಯ ದಾಖಲೆಗಳಲ್ಲಿ ಹೆಸರು, ಎಲ್ಲೆ, ಸರ್ವೆ ನಂಬರುಗಳಿದ್ದೂ ಜನವಸತಿ ಇಲ್ಲದ ಗ್ರಾಮವನ್ನು ‘ಬೇಚಿರಾಕ್’ ಗ್ರಾಮವೆಂದು ಕರೆಯುವ ರೂಢಿಯಿದೆ. ಪಾರಸಿ ಮೂಲದ ಈ ಪದಕ್ಕೆ ‘ದೀಪವಿಲ್ಲದ್ದು’ ಎಂದು ಅರ್ಥ. ಜನರ ಮಾತಿನಲ್ಲಿ ಅದು ‘ಹಾಳೂರು’ ಅಥವಾ ‘ಹಳೇ ಊರು’. ಪಾಶ್ಚಾತ್ಯ ದೇಶಗಳಲ್ಲಿ ಇಂಥ ನೆಲೆಗಳಿಗೆ ಲೋಹಶೋಧಕ ಯಂತ್ರ ಹಿಡಿದು ಗುಂಪಾಗಿ ಹೋಗುವುದು ಒಂದು ಹವ್ಯಾಸವಾಗಿ ಬೆಳೆದಿದೆ. ನಮ್ಮಲ್ಲಿ ಆ ಯಂತ್ರವು ನಿಧಿಯ ಆಸೆಯೊಡನೆ ಬೆರೆತು ಬರುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಗಮನದಲ್ಲಿರಿಸಿಕೊಂಡು, ಹಾಳೂರಿನಲ್ಲಿ ಶೋಧಿಸಬೇಕಾದುದು ಏನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಊರು ಹಾಳಾದ ಬಗೆ

ಈ ಪರಿಸರದ ಊರುಗಳ ಏಳುಬೀಳಿನಲ್ಲಿ ಯುದ್ಧದ ಪಾತ್ರ ದೊಡ್ಡದು. ಮಾಗಡಿ ಸಮೀಪದ ಸಾವನದುರ್ಗವನ್ನು ೧೫೪೩ರಲ್ಲಿ ವಿಜಯನಗರದ ಅಧಿಕಾರಿ ಸಾಮಂತರಾಯನು ಭದ್ರಪಡಿಸಿದನೆಂದು ಗ್ಯಾಸೆಟಿಯರುಗಳು ದಾಖಲಿಸಿವೆ. ಬೆಟ್ಟದ ಬುಡದಲ್ಲಿ ಬೆಳೆದ ವಸತಿಯೇ ನೆಲಪಟ್ಟಣ. ೧೬೩೮ರಲ್ಲಿ ಬಿಜಾಪುರದ ಸೇನೆಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಕೆಂಪೇಗೌಡರ ಮನೆತನಕ್ಕೆ ಮಾಗಡಿ, ಸಾವನದುರ್ಗಗಳು ಆಸರೆಯಾದವು. ೧೭೨೮ರಲ್ಲಿ ಅವು ಮೈಸೂರಿನ ವಶವಾದವು. ೧೭೯೧ರ ಡಿಸೆಂಬರ್ ೨೧ರಂದು ಕಾರ್ನ್‌ವಾಲಿಸನ ಸೇನೆ ದುರ್ಗವನ್ನು ಹಿಡಿಯಿತು. ಪಟ್ಟಣವೆಂಬ ಹೆಸರಿಗೆ ತಕ್ಕ ವಸತಿ ಇಂದು ಅಲ್ಲಿಲ್ಲ. ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರವು, ಶ್ರೀರಂಗಪಟ್ಟಣದ ಕಡೆಗೆ ಸಾಗುವ ಬ್ರಿಟಿಷ್ ಸೇನೆಗೆ ಉಪಯೋಗವಾಗಬಾರದೆಂದು ಟಿಪ್ಪುವಿನಿಂದ ಎರಡು ಬಾರಿ ನಾಶಗೊಂಡಿತು. ಆದರೆ ಅದು ಮತ್ತೆ ತಲೆಯೆತ್ತಿತು. ಯುದ್ಧದಂತೆಯೇ ಕ್ಷಾಮವೂ ವಸತಿಗಳನ್ನು ಬರಿದುಮಾಡಬಲ್ಲದು. ೧೮೭೧ರಲ್ಲಿ ಸುಮಾರು ೫೦ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, ೧೮೭೬-೭೮ರ ಕ್ಷಾಮದ ನಂತರ, ೧೮೮೧ರ ಗಣತಿಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಹಾಳೂರಿನ ಮಣ್ಣಿನಲ್ಲಿ ಹೊನ್ನನ್ನು ಕಲ್ಪಿಸಿಕೊಳ್ಳುವವರು ಈ ಸಂಗತಿಯನ್ನು ಮರೆಯುತ್ತಾರೆ. ಹಸಿವಿನಿಂದ ಊರು ಬಿಟ್ಟವರು ಹೂತಿಟ್ಟು ಹೋಗುವಷ್ಟು ಸಂಪತ್ತನ್ನು ಉಳಿಸಿಕೊಂಡಿರುವ ಸಂಭವ ಕಡಿಮೆ.

ಶಾಸನದ ‘ನಿಧಿ’

ಶಾಸನದ ಕಲ್ಲಿನಲ್ಲಿ ನಿಧಿಯ ಗುಟ್ಟು ಬರೆದಿದೆಯೆಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಕ್ಷೇತ್ರಕಾರ್ಯಕ್ಕೆ ಹೋದವರಿಗೆ ಇದು ಅಪರಿಚಿತವಲ್ಲ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಆ ಶಬ್ದವಿರುವುದೂ ನಿಜ. ಅಲ್ಲಿ ಗ್ರಾಮವನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ಸಹಿತವಾಗಿ ಕೊಡಲಾಗುತ್ತದೆ. ಇದು ಹಕ್ಕುಗಳ ಪಟ್ಟಿಯೇ ಹೊರತು ಸ್ಥಳದ ಸೂಚನೆಯಲ್ಲ. ನೆಲದೊಳಗೆ ಏನಾದರೂ ದೊರೆತರೆ ಅದು ಪ್ರತಿಗ್ರಹಿಗೆ ಸೇರುತ್ತದೆ ಎಂಬುದಷ್ಟೇ ಅದರ ತಾತ್ಪರ್ಯ. ಈ ಪಾರಿಭಾಷಿಕ ಶಬ್ದವನ್ನು ವಾಚ್ಯಾರ್ಥದಲ್ಲಿ ಗ್ರಹಿಸಿದರೆ ಹಾರೆ ಶಾಸನದ ಬುಡಕ್ಕೇ ಬೀಳುತ್ತದೆ. ವೀರಗಲ್ಲು, ಗರುಡಗಂಬದ ಬುಡ, ಗರ್ಭಗುಡಿಯ ಪೀಠ, ಬಸವನ ವಿಗ್ರಹಗಳು ಇದೇ ಆಸೆಗೆ ಬಲಿಯಾಗುತ್ತವೆ.

ಅಷ್ಟಭೋಗದ ಹಕ್ಕಿನ ಸ್ಥಾನದಲ್ಲಿ ಆಧುನಿಕ ಕಾಲದಲ್ಲಿ ಕಾನೂನು ನಿಂತಿದೆ. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು ೧೮೭೮ರ ಭಾರತೀಯ ನಿಧಿ ಕಾಯಿದೆ ವಿಧಿಸಿತು. ಕರ್ನಾಟಕವು ೧೯೬೨ರಲ್ಲಿ ತನ್ನದೇ ನಿಧಿ ಕಾಯಿದೆಯನ್ನು ರೂಪಿಸಿಕೊಂಡಿತು. ನೂರು ವರ್ಷಕ್ಕೆ ಕಡಮೆಯಿಲ್ಲದ ನಾಣ್ಯ, ಶಿಲ್ಪ, ಶಾಸನಗಳು ೧೯೭೨ರ ಕಾಯಿದೆಯಂತೆ ಪುರಾವಸ್ತುಗಳು. ಆದುದರಿಂದ ಸಿಕ್ಕಿದವನದೇ ಸೊತ್ತು ಎಂಬ ವಾದಕ್ಕೆ ಆಧಾರವಿಲ್ಲ.

ಯಂತ್ರದ ಮಿತಿ ಮತ್ತು ಉಪಯೋಗ

ಲೋಹಶೋಧಕದ ಸುರುಳಿಯು ಉಂಟುಮಾಡುವ ಕಾಂತಕ್ಷೇತ್ರವು ನೆಲದೊಳಗಿನ ಲೋಹದಲ್ಲಿ ವಿದ್ಯುತ್ ಪ್ರವಾಹವನ್ನು ಪ್ರೇರೇಪಿಸುತ್ತದೆ. ಅದರ ಪ್ರತಿಕ್ರಿಯೆಯೇ ನಮಗೆ ಕೇಳಿಸುವ ಸದ್ದು. ಸಾಮಾನ್ಯ ಯಂತ್ರವು ಒಂದು ನಾಣ್ಯವನ್ನು ಗುರುತಿಸುವುದು ಗೇಣುದ್ದದ ಆಳದವರೆಗೆ ಮಾತ್ರ. ಲಾಳ, ಮೊಳೆ, ನೇಗಿಲ ಗುಳಗಳಿಗೂ ಅದು ಸದ್ದು ಮಾಡುತ್ತದೆ. ಮಡಕೆಚೂರು, ಇಟ್ಟಿಗೆ, ಬೂದಿಯ ಪದರುಗಳಿಗೆ ಅದು ಕಿವುಡು. ಊರಿನ ಬಾಳ್ವೆ ಉಳಿದಿರುವುದು ಬಹುಮಟ್ಟಿಗೆ ಈ ಎರಡನೆಯ ವರ್ಗದ ವಸ್ತುಗಳಲ್ಲಿ.

ಆದರೂ ಯಂತ್ರವನ್ನೇ ದೂರಬೇಕಾಗಿಲ್ಲ. ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ ೧೮೭೬ರ ಕದನದ ನೆಲವನ್ನು ೧೯೮೪ರಿಂದ ಪುರಾತತ್ವಜ್ಞರು ಸ್ವಯಂಸೇವಕರ ಸಾಲುಗಳೊಡನೆ ಲೋಹಶೋಧಕಗಳಿಂದ ಪರಿಶೀಲಿಸಿದರು. ಸದ್ದು ಬಂದಲ್ಲಿ ಬಾವುಟ ನೆಟ್ಟು, ಪ್ರತಿಯೊಂದು ಗುಂಡು ಮತ್ತು ತೋಟಾದ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿದುದರಿಂದ ಕದನದ ಚಲನೆಯೇ ಗೋಚರಿಸಿತು. ನಮ್ಮ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ೨೦೧೮ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್ಟುಗಳು ಹೊರಬಂದವು. ಅವು ಒಂದೆಡೆ ರಾಶಿಯಾಗಿ ಸಿಕ್ಕಿದುದೇ ಚರಿತ್ರೆ. ಬಿಡಿಬಿಡಿಯಾಗಿ ಮಾರಾಟವಾಗಿದ್ದರೆ ಅವು ತುಕ್ಕು ಹಿಡಿದ ಕೊಳವೆಗಳು ಮಾತ್ರ. ಸಾವನದುರ್ಗದ ಬುಡದಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿವೆ; ಪಾಳೆಯಗಾರರ ಕಾಲದ ಅವಶೇಷಗಳೂ ೧೭೯೧ರ ಮುತ್ತಿಗೆಯ ನೆಲವೂ ಅಲ್ಲಿಯೇ ಇವೆ. ಅನುಮತಿ, ನಕ್ಷೆ, ತಜ್ಞರ ಮೇಲ್ವಿಚಾರಣೆಗಳಿಲ್ಲದೆ ಅಲ್ಲಿ ತೋಡಿದ ಒಂದು ಗುಳಿ ಮೂರು ಕಾಲಗಳನ್ನೂ ಕಲಸಿಬಿಡಬಹುದು.

ಕನ್ನಡ ಸಂಶೋಧಕರ ಪಾಲು

ಹಾಳೂರಿನ ಶೋಧಕ್ಕೆ ಕನ್ನಡ ಅಧ್ಯಯನವು ಬೇರೆ ಸಾಧನಗಳನ್ನು ಒದಗಿಸುತ್ತದೆ. ಈ ಪ್ರದೇಶದ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಅದರಲ್ಲಿನ ಊರ ಹೆಸರುಗಳನ್ನು ಇಂದಿನ ಗ್ರಾಮನಕ್ಷೆಗಳೊಡನೆ ಹೋಲಿಸಿದರೆ ಅಳಿದ ವಸತಿಗಳ ಜಾಡು ದೊರೆಯುತ್ತದೆ. ಚನ್ನಪಟ್ಟಣದ ಬಳಿಯ ಮಳೂರುಪಟ್ಟಣ ಇಂದು ಹಳ್ಳಿ. ಆದರೆ ‘ಪಟ್ಟಣ’ವೆಂಬ ಉತ್ತರಪದ ಹಿಂದಿನ ಸ್ಥಾನಮಾನವನ್ನು ಹೇಳುತ್ತದೆ. ಕನಕಪುರ, ರಾಮನಗರಗಳ ಅನೇಕ ಊರುಗಳ ಕೊನೆಗೆ ಬರುವ ‘ದೊಡ್ಡಿ’ಯು ದನಗಳ ದೊಡ್ಡಿಗಳು ಊರಾಗಿ ಬೆಳೆದ ಬಗೆಯನ್ನು ಸೂಚಿಸುತ್ತದೆ. ಹೊಲಗಳ ಹೆಸರು, ಊರು ಬಿಟ್ಟವರ ವಂಶದ ನೆನಪು, ವರ್ಷಕ್ಕೊಮ್ಮೆ ಹಳೆಯ ನೆಲೆಯಲ್ಲಿ ನಡೆಯುವ ಪೂಜೆ ಇವೆಲ್ಲವೂ ದಾಖಲಾಗಬೇಕಾದ ಆಕರಗಳು.

ಕಲ್ಲಿನ ಪಾಠವನ್ನು ಪ್ರತಿಮಾಡಿಕೊಂಡು ಹಿಂದಿರುಗುವುದರೊಡನೆ ಸಂಶೋಧಕರ ಕೆಲಸ ಮುಗಿಯುವುದಿಲ್ಲ. ‘ನಿಧಿ’ ಎಂಬ ಶಬ್ದ ಅಲ್ಲಿ ಏಕೆ ಬಂದಿದೆ ಎಂಬುದನ್ನು ಆ ಊರಿನವರಿಗೆ ತಿಳಿಯುವಂತೆ ಹೇಳಿಬರುವುದೂ ಅವರ ಹೊಣೆ. ಆ ವಿವರಣೆ ದೊರೆತ ಊರಿನಲ್ಲಿ ಕಲ್ಲು ಉಳಿಯುವ ಸಾಧ್ಯತೆ ಹೆಚ್ಚು.