ಹ್ಯಾಮ್ ರೇಡಿಯೊ ಪರದೆಯ ದುರಸ್ತಿ ಮತ್ತು ಅದರ ಲೆಕ್ಕ

ವಾಹನದಲ್ಲಿ ಅಳವಡಿಸುವ ಹ್ಯಾಮ್ ರೇಡಿಯೊದ ಪರದೆಯಲ್ಲಿ ಅಂಕಿಗಳು ಅರ್ಧಂಬರ್ಧ ಮೂಡತೊಡಗಿದರೆ ಅಲಕ್ಷಿಸುವಂತಿಲ್ಲ. ಭಾರತದಲ್ಲಿ ಎರಡು ಮೀಟರ್ ತರಂಗಪಟ್ಟಿಯಲ್ಲಿ ಹ್ಯಾಮ್‌ಗಳಿಗೆ ಅನುಮತಿಯಿರುವುದು 144ರಿಂದ 146 ಮೆಗಾಹರ್ಟ್ಸ್‌ವರೆಗೆ ಮಾತ್ರ. ಒಂದು ಗೆರೆ ಮಾಯವಾದರೆ 146.500 ಎಂಬುದು 145.500 ಎಂದು ಕಾಣುತ್ತದೆ. ಪರವಾನಗಿದಾರರು ತಮಗರಿವಿಲ್ಲದೆಯೇ ಮಿತಿ ಮೀರಿರುತ್ತಾರೆ.

ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಂತಹ ಬಿಸಿಲ ಊರುಗಳಲ್ಲಿ, ನಿಲ್ಲಿಸಿದ ವಾಹನದೊಳಗಿನ ಕಾವು ಮತ್ತು ಧೂಳು ಪರದೆಗೆ ಶತ್ರುಗಳು. ಆದರೆ ಗೆರೆ ಮಾಯವಾದೊಡನೆ ಹೊಸ ಪರದೆ ತರಿಸುವುದು ದುಂದು. ಅನೇಕ ಮಾದರಿಗಳಲ್ಲಿ ಪರದೆಯ ಗಾಜಿಗೂ ಸರ್ಕಿಟ್ ಬೋರ್ಡಿಗೂ ನಡುವೆ ವಿದ್ಯುತ್ ಹರಿಸುವ ರಬ್ಬರ್ ಪಟ್ಟಿಯೊಂದಿರುತ್ತದೆ. ಕಪ್ಪು-ಬಿಳಿ ಪದರಗಳ ಕಾರಣ ಅದಕ್ಕೆ ಜೀಬ್ರಾ ಪಟ್ಟಿಯೆಂದು ಹೆಸರು. ಅಲ್ಲಿ ಕೊಳೆ ಕುಳಿತರೆ ಅಥವಾ ಒತ್ತು ಸಡಿಲವಾದರೆ ಗೆರೆಗಳು ಕಾಣೆಯಾಗುತ್ತವೆ. ವಿದ್ಯುತ್ ಸಂಪರ್ಕ ಕಡಿದು, ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಮೆಲ್ಲನೆ ಒರೆಸಿ, ಒಣಗಿದ ಬಳಿಕ ಸಮನಾಗಿ ಬಿಗಿದರೆ ಎಷ್ಟೋ ಪರದೆಗಳು ಮರಳಿ ಓದಲು ಬರುತ್ತವೆ. ಬೆಳಕಷ್ಟೇ ಹೋಗಿದ್ದರೆ ಹಿಂಬದಿಯ ದೀಪ ಬದಲಿಸಿದರೆ ಸಾಕು. ಗಾಜು ಒಡೆದು ಕಪ್ಪು ಕಲೆ ಹರಡಿದ್ದರೆ ಮಾತ್ರ ಹೊಸ ಪರದೆ ಅನಿವಾರ್ಯ.

ಇನ್ನು ಲೆಕ್ಕದ ಮಾತು. ಹ್ಯಾಮ್ ಸೇವೆ ಹಣಗಳಿಕೆಯ ಉದ್ದೇಶವಿಲ್ಲದ್ದು. ವ್ಯಾಪಾರದ ಸಂದೇಶಗಳಿಗೆ ಅದನ್ನು ಬಳಸುವಂತಿಲ್ಲ. ಆದುದರಿಂದ ವರ್ತಕರು ಸ್ವಂತ ಸೆಟ್ಟಿನ ದುರಸ್ತಿ ವೆಚ್ಚವನ್ನು ಅಂಗಡಿಯ ಖರ್ಚಿನಲ್ಲಿ ಸೇರಿಸದೆ ಸ್ವಂತ ಬಾಬ್ತಿಗೆ ಬರೆಯತಕ್ಕದ್ದು. ಅದರ ಮೇಲಿನ ಜಿ.ಎಸ್.ಟಿ.ಗೆ ಇನ್‌ಪುಟ್ ತೆರಿಗೆ ಜಮೆಯೂ ದೊರೆಯದು.