ಆಟ ಮತ್ತು ಕಾಲಧರ್ಮ

ಮಕ್ಕಳಿರುವೆಡೆಯಲ್ಲೆಲ್ಲ ಆಟವುಂಟು. ಆದರೆ ಎಲ್ಲ ಕಾಲದ, ಎಲ್ಲ ಸ್ಥಿತಿಯ ಮಕ್ಕಳೂ ಒಂದೇ ಬಗೆಯ ಆಟವನ್ನು ಆಡುವುದಿಲ್ಲ. ಆಟವು ಕೇವಲ ಹುಟ್ಟುಗುಣದಿಂದ ಮೂಡುವುದಲ್ಲ. ಸುತ್ತಲಿನ ಬದುಕು ಅದನ್ನು ರೂಪಿಸುತ್ತದೆ.

ಹರಪ್ಪ, ಮೊಹೆಂಜೊದಾರೊಗಳ ಉತ್ಖನನಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳು ದೊರೆತಿವೆ. ಬಂಡಿಯನ್ನು ಬಲ್ಲ ಸಮಾಜದಲ್ಲಿ ಮಾತ್ರ ಆಟದ ಬಂಡಿ ಹುಟ್ಟಲು ಸಾಧ್ಯ. ಶೂದ್ರಕನ 'ಮೃಚ್ಛಕಟಿಕ' ನಾಟಕದ ಹೆಸರಿಗೂ ಮಣ್ಣಿನ ಬಂಡಿಯೆಂದೇ ಅರ್ಥ. ಅದರಲ್ಲಿ ಬಡವನಾದ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ ಬಳಿಕ, ತನಗೆ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ಸಿರಿತನ ಬಡತನಗಳ ಭೇದವನ್ನು ಆ ಮಗುವಿಗೆ ಕಲಿಸಿದ್ದು ಒಂದು ಆಟಿಕೆ.

ಕನ್ನಡ ನಾಡಿನ ಆಟಗಳಲ್ಲಿಯೂ ಜನಜೀವನದ ಅಚ್ಚು ಕಾಣುತ್ತದೆ. ಆಡು-ಹುಲಿ ಆಟದಲ್ಲಿ ಆಡುಗಳೆಲ್ಲ ಒಗ್ಗೂಡಿ ಹುಲಿಯನ್ನು ಕಟ್ಟಿಹಾಕಬೇಕು. ಕಾಡಂಚಿನ ಬದುಕಿನ ಭಯವೂ ಉಪಾಯವೂ ಅದರಲ್ಲಿ ಅಡಗಿವೆ. ತುಳುನಾಡಿನಲ್ಲಿ ಆಟಿ ತಿಂಗಳ ಜಡಿಮಳೆಗೆ ಹೊಲದ ಕೆಲಸ ನಿಂತಾಗ ಚೆನ್ನೆಮಣೆ ಜಗಲಿಗೆ ಬರುತ್ತಿತ್ತು. ಹುಣಸೆಬೀಜ, ಕವಡೆ, ಬಳೆಯ ಚೂರು ಮೊದಲಾಗಿ ಕೈಗೆ ಸಿಕ್ಕಿದ್ದೆಲ್ಲವೂ ಆಟದ ಸಾಧನ. ಗಂಡುಮಕ್ಕಳು ಬಯಲಿನಲ್ಲಿ ಚಿನ್ನಿದಾಂಡು, ಲಗೋರಿ ಆಡುವಾಗ ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಅಂಗಳದ ಕುಂಟೆಬಿಲ್ಲೆ, ನಡುಮನೆಯ ಕಲ್ಲಾಟಗಳೇ ಮೀಸಲಾಗಿದ್ದವು. ಅದು ಸಮಾಜವು ಎಳೆದ ಗೆರೆ. ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡ ಹುಡುಗಿ ಎಷ್ಟು ದೂರ ಓಡಬಲ್ಲಳು?

ಆಟಕ್ಕೆ ಬಿಡುವು ಬೇಕು. ಆ ಬಿಡುವನ್ನು ಕೊಡುವುದೂ ಕಸಿಯುವುದೂ ಸಮಾಜವೇ. ಬೇಸಾಯದ ಬದುಕಿನಲ್ಲಿ ದುಡಿಮೆ ಆಟಗಳು ಒಂದರೊಳಗೊಂದು ಬೆರೆತಿದ್ದವು. ದನ ಕಾಯುತ್ತಲೇ ಮಕ್ಕಳು ಆಡುತ್ತಿದ್ದರು. ಗಿರಣಿಗಳು ಬಂದ ಮೇಲೆ ಅಲ್ಲಿ ದುಡಿಯುವ ಮಕ್ಕಳಿಗೆ ಅದು ತಪ್ಪಿಹೋಯಿತು. 1881ರ ಭಾರತದ ಕಾರ್ಖಾನೆ ಕಾಯಿದೆಯು 7 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತು. ಆದರೆ 7ರಿಂದ 12 ವರ್ಷದವರು ದಿನಕ್ಕೆ 9 ಗಂಟೆಗಳವರೆಗೆ ದುಡಿಯಬಹುದಾಗಿತ್ತು. ಅಷ್ಟು ದುಡಿದ ಮಗುವಿಗೆ ಉಳಿಯುವುದು ಆಟವಲ್ಲ, ನಿದ್ದೆ. ನೂರೆಂಟು ವರ್ಷಗಳ ಬಳಿಕ, 1989ರಲ್ಲಿ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು ತನ್ನ 31ನೆಯ ವಿಧಿಯಲ್ಲಿ ಆಟವನ್ನು ಮಗುವಿನ ಹಕ್ಕೆಂದು ಸಾರಿತು. 1992ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿತು.

ಇಂದು ನಗರಗಳಲ್ಲಿ ಎಷ್ಟೋ ಬಯಲುಗಳ ಮೇಲೆ ಕಟ್ಟಡಗಳೆದ್ದಿವೆ. ಆಟವು ಅಂಗೈಯಗಲದ ಫೋನಿನೊಳಕ್ಕೆ ಸರಿದಿದೆ. ಅದಕ್ಕಾಗಿ ಮಕ್ಕಳನ್ನು ದೂರಿ ಫಲವಿಲ್ಲ. ಮಕ್ಕಳು ಏನನ್ನು ಆಡುತ್ತಾರೆ, ಎಲ್ಲಿ ಆಡುತ್ತಾರೆ, ಯಾರು ಆಡದೆ ದೂರ ನಿಂತಿದ್ದಾರೆ ಎಂಬುದನ್ನು ಗಮನಿಸಿದರೆ, ಹಿರಿಯರು ಅವರಿಗಾಗಿ ಎಂತಹ ಲೋಕವನ್ನು ಕಟ್ಟಿದ್ದಾರೆ ಎಂಬುದು ತಿಳಿಯುತ್ತದೆ.