ಹದಿನೆಂಟು ಬೈಟಿನ ಪರಿಚಯ

ರಾಯಚೂರಿನಿಂದ ಮಹಬೂಬ್‌ನಗರದ ಬಸ್ಸು ಹತ್ತಿ ಕೃಷ್ಣೆಯನ್ನು ದಾಟಿದರೆ ಮಕ್ತಲ್. ಅಲ್ಲಿಂದ ಒಂದು ದಿಕ್ಕಿಗೆ ನಾರಾಯಣಪೇಟೆ, ಇನ್ನೊಂದು ದಿಕ್ಕಿಗೆ ಗದ್ವಾಲ. ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯದೇ ತಾಲ್ಲೂಕು. ಈ ಸೀಮೆಯಲ್ಲಿ ತೆಲಂಗಾಣ ಸರ್ಕಾರದ ಸೇವೆಗಳನ್ನು ಕೊಡುವ ಯಾವ ಮೀಸೇವಾ ಕೇಂದ್ರಕ್ಕೆ ಹೋದರೂ ಕಂಪ್ಯೂಟರಿಗೆ ಕೀಬೋರ್ಡು, ಪ್ರಿಂಟರು, ಬೆರಳಚ್ಚು ಯಂತ್ರ ಜೋತುಬಿದ್ದಿರುತ್ತವೆ. ಮೂರಕ್ಕೂ ಒಂದೇ ಬಗೆಯ ಯುಎಸ್‌ಬಿ ಕಿಂಡಿ. ಆದರೂ ಹೊಸ ಕೀಬೋರ್ಡು ಸಿಕ್ಕಿಸಿದ ಗಳಿಗೆಯಲ್ಲೇ ಕೆಲಸಕ್ಕೆ ನಿಲ್ಲುತ್ತದೆ, ಬೆರಳಚ್ಚು ಯಂತ್ರ ಮಾತ್ರ ತನ್ನದೇ ಡ್ರೈವರ್ ತಂತ್ರಾಂಶ ಬೇಕೆಂದು ಹಟ ಹಿಡಿಯುತ್ತದೆ.

ಮಕ್ತಲ್ ಸಂತೆಯ ವ್ಯಾಪಾರಿ ಗಿರಾಕಿಯ ಮೊದಲ ಮಾತು ಕಿವಿಗೆ ಬಿದ್ದೊಡನೆ ಕನ್ನಡಕ್ಕೋ ತೆಲುಗಿಗೋ ಹೊರಳುತ್ತಾನೆ. ಕಂಪ್ಯೂಟರಿಗೆ ಅಂಥ ಕಿವಿಯಿಲ್ಲ. ಸಾಧನದ ಆಕಾರವನ್ನಾಗಲಿ ಕೆಲಸವನ್ನಾಗಲಿ ನೋಡಿ ಅದು ಏನನ್ನೂ ಊಹಿಸುವುದಿಲ್ಲ. ಸಾಧನ ಸಿಕ್ಕಿಸಿದಾಗ ತಂತಿಯ ವೋಲ್ಟೇಜಿನಲ್ಲಾಗುವ ಬದಲಾವಣೆಯಿಂದ ಯಾರೋ ಬಂದರೆಂದು ತಿಳಿದು, ವಿಳಾಸ ಕೊಟ್ಟು, ಪರಿಚಯ ಕೇಳುತ್ತದೆ. ಸಾಧನ 18 ಬೈಟುಗಳ ಉತ್ತರ ಕೊಡುತ್ತದೆ. ಅದರಲ್ಲಿ ಎರಡು ಬೈಟು ತಯಾರಕರ ಸಂಖ್ಯೆ, ಇನ್ನೆರಡು ಬೈಟು ಉತ್ಪನ್ನದ ಸಂಖ್ಯೆ. ಯುಎಸ್‌ಬಿಯಲ್ಲಿ ಎಚ್‌ಪಿಯ ಸಂಖ್ಯೆ 03ಎಫ್0, ಎಪ್ಸನ್‌ನದು 04ಬಿ8. ಇಂಟೆಲ್ ತನಗಿಟ್ಟುಕೊಂಡದ್ದು 8086. 1978ರ ತನ್ನ ಹೆಸರಾಂತ ಪ್ರೊಸೆಸರಿನ ಮೇಲೆ ಅದಕ್ಕಿನ್ನೂ ಅಭಿಮಾನ.

ಈ ಸಂಖ್ಯೆಗಳನ್ನು ಹಿಡಿದು ಕಾರ್ಯಾಚರಣ ವ್ಯವಸ್ಥೆ ತನ್ನ ಪಟ್ಟಿ ತಿರುವುತ್ತದೆ. ವಿಂಡೋಸ್‌ನಲ್ಲಿ ಪ್ರತಿ ಡ್ರೈವರಿನ ಜೊತೆ ಬರುವ ಐಎನ್‌ಎಫ್ ಕಡತ, ತಾನು ಯಾವ ಯಾವ ಸಂಖ್ಯೆಗಳಿಗೆ ಹೊಂದುತ್ತೇನೆಂದು ಬರೆದುಕೊಂಡಿರುತ್ತದೆ. ಲಿನಕ್ಸ್‌ನಲ್ಲಿ ಆ ಪಟ್ಟಿ ಡ್ರೈವರಿನೊಳಗೇ ಇರುತ್ತದೆ. ಒಂದಕ್ಕಿಂತ ಹೆಚ್ಚು ಡ್ರೈವರ್ ಹೊಂದಿದರೆ ವಿಂಡೋಸ್ ಅವಕ್ಕೆ ಅಂಕ ಹಾಕಿ ಆರಿಸುತ್ತದೆ: ಡಿಜಿಟಲ್ ಸಹಿಯುಳ್ಳದ್ದಕ್ಕೆ ಮಣೆ, ಉತ್ಪನ್ನದ ಸಂಖ್ಯೆಗೇ ಹೊಂದುವುದು, ಸಾಧನ ಯಾವ ಬಗೆಯದೆಂದು ಹೇಳುವ ವರ್ಗಸಂಖ್ಯೆಗಷ್ಟೇ ಹೊಂದುವುದಕ್ಕಿಂತ ಮೇಲು.

ಕೀಬೋರ್ಡಿನ ಸಲೀಸುತನ ಇರುವುದು ಆ ವರ್ಗದಲ್ಲಿ. ಕೀಬೋರ್ಡು, ಮೌಸುಗಳದು 03, ಪ್ರಿಂಟರಿನದು 07, ಪೆನ್‌ಡ್ರೈವಿನದು 08. ತಯಾರಕರು ಯಾರೇ ಇರಲಿ, 03 ಎಂದರೆ ಸಾಕು, ಸಿದ್ಧವಾಗಿರುವ ಸಾಮಾನ್ಯ ಡ್ರೈವರ್ ಎದ್ದು ಬರುತ್ತದೆ. ಎಫ್‌ಎಫ್ ಎಂದು ಹೇಳಿಕೊಳ್ಳುವವು ಯಾವ ವರ್ಗಕ್ಕೂ ಸೇರದವು, ತಯಾರಕರ ಡ್ರೈವರಿಗೇ ಕಾಯಬೇಕು. ಬೆರಳಚ್ಚು ಯಂತ್ರದಲ್ಲಿ ಆಧಾರ್ ದೃಢೀಕರಣಕ್ಕೆ ಅದೂ ಸಾಲದು. ಡ್ರೈವರ್ ಕುಳಿತ ಮೇಲೆ ಆರ್‌ಡಿ ಸರ್ವಿಸ್ ಎಂಬ ಬೇರೆ ತಂತ್ರಾಂಶವೂ ಓಡುತ್ತಿರಬೇಕು. ಡ್ರೈವರ್ ಸರಿಯಿದೆ, ಬೆರಳು ಮಾತ್ರ ಹಿಡಿಯುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುವವರು ಇದನ್ನೂ ಒಮ್ಮೆ ನೋಡಬೇಕು.

ಇಷ್ಟೆಲ್ಲ ಪರಿಚಯ ಹೇಳಿಕೊಂಡರೂ ಕೀಬೋರ್ಡಿಗೆ ತಾನು ಯಾವ ಭಾಷೆಯದೆಂಬುದು ಗೊತ್ತಿಲ್ಲ. ಕೆ ಕೀಲಿ ಒತ್ತಿದರೆ ಅದು ಕಳಿಸುವುದು ಆ ಕೀಲಿಯ ಸಂಖ್ಯೆಯನ್ನಷ್ಟೇ. ಕಂಪ್ಯೂಟರಿನಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸ ಆರಿಸಿಕೊಂಡಿದ್ದರೆ ಅದೇ ಒತ್ತು ಕನ್ನಡದಲ್ಲಿ ‘ಕ’, ತೆಲುಗಿನಲ್ಲಿ ‘ಕ’ಕಾರವೇ. ಎರಡೂ ಭಾಷೆಯಲ್ಲಿ ಅರ್ಜಿ ಟೈಪು ಮಾಡುವ ಗಡಿಯೂರಿನವರು ಬೆರಳ ಜಾಗ ಬದಲಿಸಬೇಕಿಲ್ಲ. ನನ್ನ ಮಟ್ಟಿಗೆ ಇಡೀ ಏರ್ಪಾಡಿನಲ್ಲಿ ಇಷ್ಟು ಜಾಣತನದ ಭಾಗ ಮತ್ತೊಂದಿಲ್ಲ.

ಇನ್ನು, ಸಾಧನ ಸುಳ್ಳು ಹೇಳಿದರೆ? ಹೇಳಿದ್ದನ್ನು ನಂಬುವುದೇ ಇಲ್ಲಿನ ಪದ್ಧತಿ. ಎಫ್‌ಟಿಡಿಐ ಕಂಪನಿಯ ಸೀರಿಯಲ್ ಚಿಪ್‌ಗಳನ್ನು ನಕಲು ಮಾಡಿದವರು 0403, 6001 ಎಂಬ ಅದರ ಸಂಖ್ಯೆಗಳನ್ನೂ ನಕಲು ಮಾಡಿದರು. ವಿಂಡೋಸ್ ಅಸಲಿ ಡ್ರೈವರನ್ನೇ ಜೋಡಿಸುತ್ತಿತ್ತು. 2014ರಲ್ಲಿ ವಿಂಡೋಸ್ ಅಪ್‌ಡೇಟಿನಲ್ಲಿ ಬಂದ ಎಫ್‌ಟಿಡಿಐ ಡ್ರೈವರ್, ನಕಲಿ ಚಿಪ್‌ಗಳ ಉತ್ಪನ್ನ ಸಂಖ್ಯೆಯನ್ನು 0000 ಮಾಡಿಬಿಟ್ಟಿತು. ಆ ಸಂಖ್ಯೆಗೆ ಪಟ್ಟಿಯಲ್ಲಿ ಯಾರೂ ಇಲ್ಲ, ಸಾಧನ ನಿಂತುಹೋಯಿತು. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದವನಿಗೆ ಅದು ನಕಲಿಯೆಂದು ತಿಳಿದಿರಲೇ ಇಲ್ಲ. ಗಲಾಟೆಯಾದ ಮೇಲೆ ಕಂಪನಿ ಆ ಡ್ರೈವರನ್ನು ಹಿಂತೆಗೆದುಕೊಂಡಿತು.

ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಕಂಡರೆ ಪ್ರಾಪರ್ಟೀಸ್‌ನ ಡೀಟೇಲ್ಸ್ ಭಾಗದಲ್ಲಿ ಹಾರ್ಡ್‌ವೇರ್ ಐಡಿ ಓದಿ, ಆ ಸಂಖ್ಯೆಗೆ ತಯಾರಕರ ತಾಣದಲ್ಲೇ ಡ್ರೈವರ್ ಹುಡುಕಿ. ಹಾರ್ಡ್‌ವೇರ್ ಐಡಿಯಲ್ಲೇ 0000, 0002 ಎಂದಿದ್ದರೆ ಹುಡುಕಾಟ ಬೇಡ: ಪರಿಚಯದ ಬೈಟುಗಳೇ ಕಂಪ್ಯೂಟರಿಗೆ ತಲುಪಿಲ್ಲ. ಮೊದಲು ಕೇಬಲ್ ಬದಲಿಸಿ.